ಹಳೇ ಯೆಜ್ಡಿ ಬೈಕಿನ ಕೆಲಸ ಕಲಿಯಬೇಕು, ಕಲಿಸುವವರು ಸಿಕ್ಕಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಕೇಳಿದ್ದು: ಅಪ್ಪನ ಯೆಜ್ಡಿ 250 ಹನ್ನೊಂದು ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಪಂಕ್ಚರ್ ಹಾಕಿಸಿದ್ದು ಬಿಟ್ಟರೆ ನನಗೆ ಬೈಕ್ ಕೆಲಸ ಏನೂ ಗೊತ್ತಿಲ್ಲ. ನಮ್ಮ ಬೀದಿಯ ಹಿರಿಯ ಮೆಕ್ಯಾನಿಕ್ ಒಬ್ಬರು "ಭಾನುವಾರ ಬಾ, ಜೊತೆಗೆ ಕೂತು ಮಾಡೋಣ" ಅಂದಿದ್ದಾರೆ. ಅವರ ಸಮಯ ಹಾಳು ಮಾಡಬಾರದು, ಕೆಲಸವೂ ಕೈಗೆ ಹತ್ತಬೇಕು. ಹೀಗೆ ಕಲಿತವರು ದಯವಿಟ್ಟು ಹೇಳಿ.

ಮೈಸೂರಿನಿಂದ: ಮೊದಲನೇ ಮಾತು, ಆಸೆಗೆ ಬಿದ್ದು ಕಿಕ್ ಹೊಡೆಯಬೇಡಿ! ಅಷ್ಟು ವರ್ಷ ನಿಂತ ಗಾಡಿಯಲ್ಲಿ ಪಿಸ್ಟನ್ ರಿಂಗ್ ಹಿಡಿದುಕೊಂಡಿರಬಹುದು. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಸ್ವಲ್ಪ ಟೂಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಗೆ ಪೆಟ್ರೋಲಿನಲ್ಲಿ ಬೆರೆಸುವ ಆಯಿಲ್) ಬಿಟ್ಟು ಒಂದು ರಾತ್ರಿ ಬಿಡಿ. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಇಳಿಸಿ. ಮಿಕ್ಕಿದ್ದು ನಿಮ್ಮ ಗುರುಗಳ ಎದುರಿಗೇ ಆಗಲಿ.

ನನಗೆ ಕಲಿಸಿದವರು ಜಾವಾ, ಯೆಜ್ಡಿ ಬೈಕ್ ತಯಾರಿಸುತ್ತಿದ್ದ ಇಲ್ಲಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಇಂಜಿನ್ ಜೋಡಿಸುತ್ತಿದ್ದವರು. 1996ರಲ್ಲಿ ಕಾರ್ಖಾನೆ ಮುಚ್ಚಿದ ಮೇಲೆ ಮನೆ ಮುಂದೆಯೇ ಸಣ್ಣ ಗ್ಯಾರೇಜ್ ಇಟ್ಟುಕೊಂಡಿದ್ದರು. ಮೊದಲ ನಾಲ್ಕು ಭಾನುವಾರ ನನಗೆ ಸ್ಪ್ಯಾನರ್ ಕೊಡಲೇ ಇಲ್ಲ. ಅವರು ಬಿಚ್ಚಿದ್ದನ್ನು ನಾನು ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸಾಲಾಗಿ ಇಡಬೇಕು. ಆಗ ಬೇಜಾರಾಗಿತ್ತು. ಆದರೆ ತೊಳೆಯುವಾಗಲೇ ಗೊತ್ತಾಗುವುದು ಯಾವ ಗೇರಿನ ಹಲ್ಲು ಸವೆದಿದೆ, ಯಾವ ವಾಷರಿಗೆ ಒಳಮುಖ ಹೊರಮುಖ ಇದೆ ಅಂತ. ಬಿಚ್ಚಿದ ಬೋಲ್ಟುಗಳನ್ನು ಅವರು ಹಳೇ ಇಡ್ಲಿ ತಟ್ಟೆಯ ಗುಳಿಗಳಲ್ಲಿ ಇಡುತ್ತಿದ್ದರು. ಒಂದು ಗುಳಿಗೆ ಒಂದು ಜಾಗದ ಬೋಲ್ಟು. ನಾನು ಈಗಲೂ ಹಾಗೇ ಮಾಡುತ್ತೇನೆ.

ಐದನೇ ವಾರ ಪಾಯಿಂಟ್ (ಪ್ಲಗ್‌ನಲ್ಲಿ ಕಿಡಿ ಹಾರುವ ಹೊತ್ತಿಗೆ ತೆರೆದುಕೊಳ್ಳುವ ಸಣ್ಣ ಸ್ವಿಚ್ಚು) ಸೆಟ್ ಮಾಡಲು ಬಿಟ್ಟರು. ಇಂಜಿನ್ನಿನ ಬಲಗಡೆ ಕವರ್ ತೆಗೆದರೆ ಪಾಯಿಂಟ್ ಕಾಣುತ್ತದೆ. ಪೂರ್ತಿ ತೆರೆದಾಗ ಗ್ಯಾಪ್ 0.4 ಮಿಲಿಮೀಟರ್ ಇರಬೇಕು. ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ತೂರಿಸಿದರೆ ಲೂಸಾಗಿ ಓಡಾಡಬಾರದು, ಒತ್ತಿ ಎಳೆಯುವ ಹಾಗೂ ಇರಬಾರದು. "ಹೇಗಿರಬೇಕು?" ಅಂತ ಕೇಳಿದೆ. ಅವರು ನನ್ನ ಬೆರಳನ್ನು ಗೇಜಿನ ಮೇಲಿಟ್ಟು, ಮೇಲೆ ತಮ್ಮ ಕೈಯಿಟ್ಟು ಎಳೆದರು. ಆ ಹಿಡಿತ ಯಾವ ವಿಡಿಯೋ ನೋಡಿದರೂ ಬರುವುದಿಲ್ಲ. ನಿಮ್ಮ ಎದುರಿಗೆ ಅಂಥ ಕೈ ಇದೆ, ದಯವಿಟ್ಟು ಬಿಡಬೇಡಿ.

ಪ್ಲಗ್ ನೋಡುವುದನ್ನೂ ಅವರೇ ಕಲಿಸಿದ್ದು. ತುದಿ ಹದವಾದ ಕಾಫಿ ಬಣ್ಣಕ್ಕಿದ್ದರೆ ಒಳಗೆ ಎಲ್ಲ ಸರಿಯಿದೆ. ಮಸಿಯಂತೆ ಕಪ್ಪಾಗಿದ್ದರೆ ಪೆಟ್ರೋಲೋ ಆಯಿಲೋ ಜಾಸ್ತಿ. ಬೆಳ್ಳಗಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಹಾಗೇ ಓಡಿಸಿದರೆ ಪಿಸ್ಟನ್ ಹಿಡಿಯುತ್ತದೆ. ನಿಮ್ಮ ಗಾಡಿಯ ಕ್ರ್ಯಾಂಕ್ ಆಯಿಲ್ ಸೀಲ್‌ಗಳು (ಇಂಜಿನ್ ಒಳಗೆ ಗಾಳಿ ನುಗ್ಗದಂತೆ ತಡೆಯುವ ರಬ್ಬರ್ ಬಳೆಗಳು) ಇಷ್ಟು ಹೊತ್ತಿಗೆ ಒಣಗಿ ಗಟ್ಟಿಯಾಗಿರುತ್ತವೆ. ಅವನ್ನು ಬದಲಾಯಿಸದೆ ದೂರ ಓಡಿಸಬೇಡಿ.

ಹುಬ್ಬಳ್ಳಿಯಿಂದ: ಮೈಸೂರಿನವರು ಹೇಳಿದ್ದೆಲ್ಲ ಖರೆ. ಒಂದು ಮಾತಿಗೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಎಲ್ಲರಿಗೂ ನಾಲ್ಕು ವಾರ ತೊಳೆಯುವ ತಾಳ್ಮೆ ಇರುವುದಿಲ್ಲ. ನನಗೆ ಕಲಿಸಿದ ಕಾಕಾ ಮೊದಲ ದಿನವೇ ಕೈಗೆ ಪಾನಾ (ಸ್ಪ್ಯಾನರ್) ಕೊಟ್ಟರು, ಆದರೆ ಯೆಜ್ಡಿಗೆ ಅಲ್ಲ. ನಾನು ದಿನಾ ಓಡಿಸುವ ಗಾಡಿಗೆ. ಚೈನ್ ಟೈಟ್ ಮಾಡುವುದು, ಕ್ಲಚ್ ವೈರಿಗೆ ಆಯಿಲ್ ಬಿಡುವುದು, ಬ್ರೇಕ್ ಶೂ ಬಿಚ್ಚಿ ಧೂಳು ತೆಗೆಯುವುದು. ಮರುದಿನ ಆಫೀಸಿಗೆ ಹೋಗುವಾಗಲೇ ನಿಮ್ಮ ಕೆಲಸ ಹೇಗಾಗಿದೆ ಅಂತ ಗೊತ್ತಾಗುತ್ತದೆ. ಅಪ್ಪನ ಗಾಡಿಯ ಮೇಲೆ ಕೈ ಪಳಗಿಸಬೇಡಿ.

ಇನ್ನೊಂದು. ಬೋಲ್ಟ್ ಹಾಕುವಾಗ ಮೊದಲು ಬೆರಳಿನಿಂದ ಉಲ್ಟಾ ತಿರುಗಿಸಿ. ಸಣ್ಣಗೆ 'ಟಕ್' ಅಂತ ಕೂರುತ್ತದೆ. ಆಮೇಲೆ ಸರಿ ದಿಕ್ಕಿಗೆ ತಿರುಗಿಸಿ. ಇಂಜಿನ್ ಕೇಸ್ ಅಲ್ಯೂಮಿನಿಯಂ, ಅಡ್ಡಾದಿಡ್ಡಿ ತೂರಿಸಿದರೆ ಥ್ರೆಡ್ ಹೋಯಿತು. ನಾನು ಒಂದು ಥ್ರೆಡ್ ಕಳೆದೆ. ಕಾಕಾ ಬೈಯಲಿಲ್ಲ, ಅದನ್ನು ಸರಿ ಮಾಡುವುದನ್ನೂ ನನ್ನ ಕೈಯಲ್ಲೇ ಮಾಡಿಸಿದರು.

ಶಿವಮೊಗ್ಗದಿಂದ: ನಾನು ಕಲಿತಿದ್ದು ಅಪ್ಪನ ಹತ್ತಿರ. ಹುಡುಗಿಗೆ ಇದೆಲ್ಲ ಯಾಕೆ ಅಂತ ಮನೆಗೆ ಬಂದವರೆಲ್ಲ ಕೇಳುತ್ತಿದ್ದರು. ಅಪ್ಪ ಉತ್ತರ ಕೊಡುತ್ತಿರಲಿಲ್ಲ, ನನ್ನ ಕೈಗೆ ಟಾರ್ಚ್ ಕೊಡುತ್ತಿದ್ದರು. ಟಾರ್ಚ್ ಹಿಡಿಯುವುದೇ ಒಂದು ಪಾಠ. ಅವರ ಕಣ್ಣು ಎಲ್ಲಿ ಹೋಗುತ್ತದೋ ಬೆಳಕು ಅಲ್ಲಿಗೆ ಮೊದಲೇ ಹೋಗಿರಬೇಕು. ಅಷ್ಟಾದರೆ ಮುಂದಿನ ಕೆಲಸ ಯಾವುದು ಅಂತ ನಿಮಗೆ ತಿಳಿಯುತ್ತಿದೆ ಅಂತ ಅರ್ಥ.

ಒಂದು ಎಚ್ಚರಿಕೆ. ಸೈಲೆನ್ಸರ್ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ಹೊರಗೆಳೆದರೆ ಕಾರ್ಬನ್ ಕಟ್ಟಿರುತ್ತದೆ. ಅದನ್ನು ಕೆಲವರು ಕಾಸ್ಟಿಕ್ ಸೋಡಾದಲ್ಲಿ ನೆನೆಸುತ್ತಾರೆ. ರಬ್ಬರ್ ಗ್ಲೌಸ್, ಕನ್ನಡಕ ಇಲ್ಲದೆ ಮುಟ್ಟಬೇಡಿ. ಅಲ್ಯೂಮಿನಿಯಂ ಭಾಗಗಳನ್ನು ಅದರಲ್ಲಿ ಹಾಕಲೇಬೇಡಿ, ತಿಂದುಹಾಕುತ್ತದೆ.

ಮೂವತ್ತು ವರ್ಷದಿಂದ ಗ್ಯಾರೇಜ್ ನಡೆಸುತ್ತಿರುವವರು: ಕಲಿಸುವವನ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ. ನನ್ನ ಹತ್ತಿರ ಬಂದ ಹುಡುಗರಲ್ಲಿ ಉಳಿದವರು, ಹಿಂದಿನ ವಾರ ಹೇಳಿದ್ದನ್ನು ಬರೆದುಕೊಂಡು ಬಂದವರು. ಜಾಣರೆಲ್ಲ ಉಳಿಯಲಿಲ್ಲ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಳ್ಳಪ್ಪ. ಕಾರ್ಬುರೇಟರಿಗೆ ಯಾವ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ) ಹಾಕಿದೆವು, ಪೆಟ್ರೋಲಿಗೆ ಆಯಿಲ್ ಎಷ್ಟು, ಎಲ್ಲ ಬರಿ. ನಾನು ಹಳೇ ಯೆಜ್ಡಿಗೆ ಲೀಟರಿಗೆ 40 ಎಂಎಲ್ ಹಾಕಿಸುತ್ತೇನೆ. ನಿನ್ನ ಗುರುಗಳು ಬೇರೆ ಹೇಳಿದರೆ ಅವರ ಮಾತು ಕೇಳು, ಎದುರಿಗೆ ಗಾಡಿ ಇರುವುದು ಅವರಿಗೆ.

ಟೂಲ್ ಬಗ್ಗೆ ಈಗಲೇ ದುಡ್ಡು ಸುರಿಯಬೇಡ. ರಿಂಗ್ ಸ್ಪ್ಯಾನರ್ ಸೆಟ್ ಒಂದು, ಒಳ್ಳೇ ಸ್ಕ್ರೂಡ್ರೈವರ್ ಎರಡು, ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ ಸಾಕು. ಅವರ ಸ್ಪ್ಯಾನರ್ ತೆಗೆದುಕೊಂಡರೆ ಒರೆಸಿ ಅದೇ ಜಾಗದಲ್ಲಿ ಇಡು. ಅರ್ಧ ಬಿಚ್ಚಿದ ಕೆಲಸ ಬಿಟ್ಟು ಮನೆಗೆ ಓಡಬೇಡ. ಅವರು ದುಡ್ಡು ಬೇಡ ಅಂದರೂ ಸಾಮಾನಿನ ಖರ್ಚು ನಿನ್ನದೇ ಇರಲಿ.

ಜುಲೈ ಎರಡನೇ ಭಾನುವಾರ ಜಾವಾ ದಿನ. ಬೆಂಗಳೂರಿನಲ್ಲೂ ಮೈಸೂರಿನಲ್ಲೂ ಹಳೇ ಜಾವಾ, ಯೆಜ್ಡಿಗಳು ಸೇರುತ್ತವೆ. ಸಾಮಾನು ಎಲ್ಲಿ ಸಿಗುತ್ತದೆ ಅಂತ ಅಲ್ಲಿ ಕೇಳಿದರೆ ಹತ್ತು ಜನ ಹೇಳುತ್ತಾರೆ. ಅಷ್ಟರೊಳಗೆ ಗಾಡಿ ಓಡಿದರೆ ಗುರುಗಳನ್ನೂ ಹಿಂದೆ ಕೂರಿಸಿಕೊಂಡು ಹೋಗು.