ಮಗುವಿನ ಸ್ವೆಟರ್ ಕುತ್ತಿಗೆಯಲ್ಲಿ ತಲೆ ಹೋಗುತ್ತಿಲ್ಲ, ಪೂರ್ತಿ ಬಿಚ್ಚದೆ ಸರಿ ಮಾಡಬಹುದಾ?

ಮೈಸೂರು_ದೊಡ್ಡಮ್ಮ
(ಸೋಮವಾರ, ರಾತ್ರಿ 10:40)

ಎಲ್ಲರಿಗೂ ನಮಸ್ಕಾರ. ನನ್ನ ತಂಗಿಯ ಮಗನಿಗೆ ಈಗ ಮೂರು ತಿಂಗಳು. ಬಾಣಂತನ ಮುಗಿಸಿಕೊಂಡು ಮುಂದಿನ ಬುಧವಾರ ಮಡಿಕೇರಿಗೆ, ಗಂಡನ ಮನೆಗೆ ಹೊರಡುತ್ತಾಳೆ. ಅಲ್ಲಿ ಈಗ ಮಳೆ, ಚಳಿ. ಅದಕ್ಕೇ ಮಗುವಿಗೆ ಒಂದು ಸ್ವೆಟರ್ ಹೆಣೆದೆ. ಇದುವರೆಗೆ ಕುಲಾವಿ, ಕಾಲುಚೀಲ, ಮುಂದೆ ಗುಂಡಿ ಇರುವ ಸ್ವೆಟರ್ ಮಾತ್ರ ಮಾಡಿದ್ದೆ. ತಲೆಯಿಂದ ಹಾಕುವ ಸ್ವೆಟರ್ ಇದೇ ಮೊದಲು.

4 ಪ್ಲೈ ಅಕ್ರಿಲಿಕ್ ಬೇಬಿ ಉಲ್ಲನ್. ಬಾರ್ಡರಿಗೆ 12 ನಂಬರ್ ಕಡ್ಡಿ, ಮೈಗೆ 10 ನಂಬರ್. ಮುಂದೆ 63 ಸ್ಟಿಚ್, ಹಿಂದೆ 63. ಎರಡೂ ಭುಜಕ್ಕೆ 18-18, ಹಿಂದಿನ ಕುತ್ತಿಗೆಗೆ 27. ಬಲ ಭುಜ ಹೊಲಿದು, ಕುತ್ತಿಗೆ ಸುತ್ತ 84 ಸ್ಟಿಚ್ ಎತ್ತಿಕೊಂಡು, ಒಂದು ಸೀದಾ ಒಂದು ಉಲ್ಟಾ 6 ಸಾಲು ಹಾಕಿ ಮುಗಿಸಿದೆ. ಆಮೇಲೆ ಎಡ ಭುಜ ಹೊಲಿದೆ. ತೋಳೂ ಹೊಲಿದಾಗಿದೆ. ಎದೆ ಮೇಲೆ ಬಿಳಿ ಉಲ್ಲನ್‌ನಲ್ಲಿ ಚಿಕ್ಕ ಆನೆ ಇದೆ.

ಎದೆ, ತೋಳು ಎಲ್ಲ ಸರಿಯಾಗಿದೆ. ಆದರೆ ತಲೆಯೇ ಹೋಗುತ್ತಿಲ್ಲ! ಕುತ್ತಿಗೆಯನ್ನು ಎಷ್ಟು ಎಳೆದರೂ 32 ಸೆಂ.ಮೀ. ದಾಟುವುದಿಲ್ಲ, ಮಗುವಿನ ತಲೆ ಸುತ್ತಳತೆ 40 ಇದೆ. ಇವತ್ತು ಹಾಕಲು ಹೋಗಿ ಹಣೆಯ ಹತ್ತಿರ ಸಿಕ್ಕಿಕೊಂಡು ಮಗು ಜೋರಾಗಿ ಅತ್ತುಬಿಟ್ಟಿತು, ನನಗೆ ಕೈಕಾಲೇ ಆಡಲಿಲ್ಲ. ಒಂದು ತಿಂಗಳ ಕೆಲಸ. ಪೂರ್ತಿ ಬಿಚ್ಚದೆ ಏನಾದರೂ ಮಾಡಬಹುದಾ?

ಹತ್ತು_ನಂಬರ್_ಕಡ್ಡಿ
(ಸೋಮವಾರ, ರಾತ್ರಿ 11:15)

ಪೂರ್ತಿ ಬಿಚ್ಚುವ ಅಗತ್ಯ ಖಂಡಿತ ಇಲ್ಲ. ಧೈರ್ಯವಾಗಿರಿ, ಬುಧವಾರದೊಳಗೆ ಆಗುವ ಕೆಲಸ ಇದು.

ನೀವು ಎದೆ ಅಳತೆ ನೋಡಿ ಹೆಣೆದಿದ್ದೀರಿ ಅಲ್ವಾ? ದೊಡ್ಡವರಿಗಾದರೆ ಅಷ್ಟು ಸಾಕು. ಕೂಸಿನ ಲೆಕ್ಕ ಬೇರೆ. ಹುಟ್ಟಿದಾಗ ಮಗುವಿನ ತಲೆ ಎದೆಗಿಂತ ಸುಮಾರು 2 ಸೆಂ.ಮೀ. ದೊಡ್ಡದಿರುತ್ತದೆ, ಎರಡೂ ಸಮ ಆಗುವುದು ವರ್ಷದ ಹತ್ತಿರ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ಪಟ್ಟಿಯಲ್ಲಿ ಗಂಡು ಮಗುವಿನ ತಲೆ ಸುತ್ತಳತೆಯ ನಡುವಿನ ಅಳತೆ 3 ತಿಂಗಳಿಗೆ 40.5, 6 ತಿಂಗಳಿಗೆ 43.3, ಒಂದು ವರ್ಷಕ್ಕೆ 46.1 ಸೆಂ.ಮೀ. ಹಾಗಾಗಿ ಈಗಿನ 40ಕ್ಕೆ ಸರಿ ಮಾಡಿದರೂ ಎರಡೇ ತಿಂಗಳಲ್ಲಿ ಮತ್ತೆ ಬಿಗಿ ಆಗುತ್ತದೆ. ಎಳೆದಾಗ 44 ಆದರೂ ಬರಬೇಕು.

ಒಂದು ವಿಷಯ ಹೇಳಿ. ಕುತ್ತಿಗೆ ಬಾರ್ಡರ್ ಮುಗಿಸಿದ್ದು ಹೇಗೆ? ಎರಡು ಹೆಣೆದು ಒಂದರ ಮೇಲೆ ಇನ್ನೊಂದನ್ನು ದಾಟಿಸುವ ಮಾಮೂಲಿ ರೀತಿಯಾ? ಅದೇ 12 ನಂಬರ್ ಕಡ್ಡಿಯಲ್ಲಾ?

ಮೈಸೂರು_ದೊಡ್ಡಮ್ಮ
(ಮಂಗಳವಾರ, ಬೆಳಿಗ್ಗೆ 6:50)

ಹೌದು ಅಕ್ಕ, ಮಾಮೂಲಿ ರೀತಿ, ಅದೇ ಕಡ್ಡಿ. ಅಂಚು ಸಡಿಲ ಆಗಿ ಜೋತು ಬೀಳಬಾರದು ಅಂತ ಸ್ವಲ್ಪ ಎಳೆದೆಳೆದೇ ಮುಗಿಸಿದೆ. ನಮ್ಮ ಅತ್ತೆ ಹೇಳುತ್ತಿದ್ದಾರೆ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಇಟ್ಟು ಎಳೆದರೆ ಹಿಗ್ಗುತ್ತದೆ ಅಂತ. ಮಾಡಿ ನೋಡಲಾ?

ಹತ್ತು_ನಂಬರ್_ಕಡ್ಡಿ
(ಮಂಗಳವಾರ, ಬೆಳಿಗ್ಗೆ 7:30)

ದಯವಿಟ್ಟು ಇಸ್ತ್ರಿ ಬೇಡ. ಅತ್ತೆಯವರು ಹೇಳಿದ್ದು ಕುರಿ ಉಣ್ಣೆಗೆ ಒಪ್ಪುವ ಮಾತು. ಉಣ್ಣೆಯನ್ನು ಒದ್ದೆ ಮಾಡಿ ಬೇಕಾದ ಆಕಾರಕ್ಕೆ ಹಾಸಿ ಒಣಗಿಸಿದರೆ ಹಾಗೇ ನಿಲ್ಲುತ್ತದೆ. ಅಕ್ರಿಲಿಕ್ ಅಂದರೆ ಪ್ಲಾಸ್ಟಿಕ್ ಎಳೆ. ಬಿಸಿ ತಾಗಿದರೆ ಅದರ ಪುಟಿತ ಹೋಗುತ್ತದೆ, ಮತ್ತೆ ಬರುವುದಿಲ್ಲ. ಬಾರ್ಡರ್ ನೆನೆದ ಹಪ್ಪಳದ ಹಾಗೆ ಸೋತು ಬೀಳುತ್ತದೆ, ಮುಗಿಸಿದ ಅಂಚು ಮಾತ್ರ ಹಾಗೇ ಬಿಗಿಯಾಗಿ ಉಳಿಯುತ್ತದೆ.

ಮೊದಲು ಬಿಗಿ ಎಲ್ಲಿದೆ ಅಂತ ಪತ್ತೆ ಮಾಡೋಣ. ಮುಗಿಸಿದ ಅಂಚಿನಲ್ಲಿ ಇರಬಹುದು, ಅದರ ಕೆಳಗೂ ಇರಬಹುದು. ಹಿಂದಿನ ಕುತ್ತಿಗೆಯ 27 ಸ್ಟಿಚ್ಚನ್ನೂ ನೀವು ಎಳೆದೇ ಮುಗಿಸಿದ್ದರೆ ಅದೂ ಒಂದು ದಾರದ ಹಾಗೆ ಹಿಡಿದುಕೊಂಡಿರುತ್ತದೆ. ಮೇಲಿನ ಅಂಚು ಎಷ್ಟೇ ಸಡಿಲ ಮಾಡಿದರೂ ಅದು ಬಿಡುವುದಿಲ್ಲ.

ಹೀಗೆ ಮಾಡಿ. ಕೊನೆಯಲ್ಲಿ ಗಂಟು ಹಾಕಿದ ಕಡೆಯಿಂದ ಮುಗಿಸಿದ ಅಂಚನ್ನು ಮಾತ್ರ ನಿಧಾನವಾಗಿ ಬಿಚ್ಚಿ. ಬೇರೆ ಬಣ್ಣದ ಉಲ್ಲನ್ ಒಂದು ಮೀಟರ್ ಕತ್ತರಿಸಿ ಮೊಂಡು ಸೂಜಿಗೆ ಪೋಣಿಸಿಕೊಂಡು, 84 ಸ್ಟಿಚ್ಚನ್ನೂ ಒಂದೊಂದಾಗಿ ಅದರ ಮೇಲೆ ಹಿಡಿಯಿರಿ. ಈಗ ಕುತ್ತಿಗೆ ಎಳೆದು ಅಳೆಯಿರಿ. 44 ಬಂದರೆ ಅಂಚು ಬೇರೆ ರೀತಿ ಮುಗಿಸಿದರೆ ಸಾಕು. ಬರದಿದ್ದರೆ ಎಡ ಭುಜ ತೆರೆಯಬೇಕು.

ನ್ಯೂಜೆರ್ಸಿ_ಹೆಣಿಗೆ
(ಮಂಗಳವಾರ, ಬೆಳಿಗ್ಗೆ 8:05)

ಇದನ್ನು ಓದುತ್ತಿರುವ ಹೊರದೇಶದವರಿಗೆ ಒಂದು ಮಾತು. ಇಲ್ಲಿ ಹೇಳುತ್ತಿರುವ 10 ನಂಬರ್ ಊರಿನ ನಂಬರ್, ಹಳೆ ಬ್ರಿಟಿಷ್ ಲೆಕ್ಕ, ಅಂದರೆ 3.25 ಮಿ.ಮೀ. ಆ ಲೆಕ್ಕದಲ್ಲಿ ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. ಅಮೆರಿಕದಲ್ಲಿ ಉಲ್ಟಾ, ಇಲ್ಲಿನ 10 ಅಂದರೆ 6 ಮಿ.ಮೀ. ಅಮ್ಮ ಫೋನಲ್ಲಿ ಹೇಳಿಕೊಟ್ಟ ಲೆಕ್ಕಕ್ಕೆ ನಾನು ಇಲ್ಲಿನ 10 ತಂದು, ಮೂರು ತಿಂಗಳ ಮಗುವಿಗೆ ಅಂತ ಹೆಣೆದ ಸ್ವೆಟರ್ ಕೊನೆಗೆ ಎರಡು ವರ್ಷದ ಮಗುವಿಗೆ ಆಯಿತು. ಇಲ್ಲಿ 3 ನಂಬರ್ ಕೇಳಿ, ಅದೇ 3.25. ಇನ್ನೂ ಒಳ್ಳೆಯದು ಅಂದರೆ ಮಿ.ಮೀ. ನೋಡಿಯೇ ಕೊಳ್ಳಿ.

ಅಂಚು ಮುಗಿಸಲು ನಾನು ಮಾಡುವ ರೀತಿ: 12ರ ಬದಲು ಬಲಗೈಗೆ 8 ನಂಬರ್ ಕಡ್ಡಿ, ಅಂದರೆ 4 ಮಿ.ಮೀ. ಎರಡು ಸ್ಟಿಚ್ಚನ್ನು ಹಿಂದಿನ ಎಳೆಯಿಂದ ಒಟ್ಟಿಗೆ ಸೀದಾ ಹೆಣೆಯಿರಿ. ಬಂದ ಒಂದು ಸ್ಟಿಚ್ಚನ್ನು ವಾಪಸ್ ಎಡಗಡ್ಡಿಗೆ ಹಾಕಿ. ಮತ್ತೆ ಎರಡು ಒಟ್ಟಿಗೆ. ಕೊನೆವರೆಗೂ ಅಷ್ಟೇ. ದಾರ ಎಳೆಯಬೇಡಿ. ಮುಗಿದಾಗ ಅಂಚು ಸ್ವಲ್ಪ ಅಲೆ ಅಲೆ ಕಾಣುತ್ತದೆ, ಹೆದರಬೇಡಿ, ಮಗು ಹಾಕಿಕೊಂಡ ಮೇಲೆ ಕೂರುತ್ತದೆ.

ಮೈಸೂರು_ದೊಡ್ಡಮ್ಮ
(ಬುಧವಾರ, ರಾತ್ರಿ 9:20)

ಅಳೆದೆ. ದಾರದ ಮೇಲೆ ಎಳೆದಾಗ 37 ಬಂತು. ಅಂದರೆ ಭುಜ ತೆರೆಯಲೇಬೇಕು ಅಂತಾಯಿತು.

ಆದರೆ ಅದಕ್ಕೂ ಮೊದಲು ಇನ್ನೊಂದು ತೊಂದರೆ. ದಾರಕ್ಕೆ ಹಿಡಿಯುವಾಗ ಮುಂಭಾಗದಲ್ಲಿ ಒಂದು ಸ್ಟಿಚ್ ತಪ್ಪಿಹೋಗಿ ಬಾರ್ಡರಿನ ಆರೂ ಸಾಲು ಕೆಳಗೆ ಇಳಿದುಬಿಟ್ಟಿದೆ, ಏಣಿ ಹಾಗೆ ಅಡ್ಡ ದಾರ ಮಾತ್ರ ಕಾಣುತ್ತಿದೆ. ಅದರ ಕೆಳಗೆ ಆನೆ. ಅದೂ ಬಿಚ್ಚಿಹೋಗುತ್ತದೇನೋ ಅಂತ ಮುಟ್ಟಲೇ ಭಯ ಆಗುತ್ತಿದೆ.

ಧಾರವಾಡ_ಕುಂಚಿಗೆ
(ಬುಧವಾರ, ರಾತ್ರಿ 9:45)

ಮೊದಲು ಆ ಸ್ಟಿಚ್ಚಿಗೆ ಒಂದು ಸೇಫ್ಟಿ ಪಿನ್ ಹಾಕಿ. ಆಮೇಲೆ ನೀರು ಕುಡಿದು ಬನ್ನಿ. ಕುತ್ತಿಗೆಗೆ ಎತ್ತಿಕೊಂಡ ಜಾಗದಲ್ಲಿ ಅದು ತಾನಾಗಿ ನಿಲ್ಲುತ್ತದೆ, ಮೈ ಹೆಣಿಗೆಗೆ ಇಳಿಯುವುದಿಲ್ಲ. ಆನೆಗೆ ಏನೂ ಆಗುವುದಿಲ್ಲ.

ಸಣ್ಣ ಕ್ರೋಶಾ ಕಡ್ಡಿ ತೆಗೆದುಕೊಳ್ಳಿ. ಅಕ್ಕಪಕ್ಕದ ಗೆರೆ ನೋಡಿ. ಎರಡೂ ಕಡೆ ಉಲ್ಟಾ ಗೆರೆ ಇದ್ದರೆ ಬಿದ್ದದ್ದು ಸೀದಾ ಗೆರೆ. ಎದುರಿನಿಂದ ಕಡ್ಡಿಯನ್ನು ಸ್ಟಿಚ್ಚಿನೊಳಗೆ ತೂರಿಸಿ, ಅದರ ಮೇಲಿನ ಮೊದಲ ಅಡ್ಡ ದಾರ ಹಿಡಿದು ಒಳಗಿನಿಂದ ಎಳೆಯಿರಿ. ಹಾಗೇ ಆರು ಸಲ ಮೇಲೆ ಬನ್ನಿ. ಬಿದ್ದದ್ದು ಉಲ್ಟಾ ಗೆರೆ ಆಗಿದ್ದರೆ ಬಟ್ಟೆ ತಿರುಗಿಸಿ ಹಿಂದಿನಿಂದ ಇದನ್ನೇ ಮಾಡಿ, ಹಿಂದೆಯಿಂದ ಅದು ಸೀದಾ ಗೆರೆಯೇ. ಅಡ್ಡ ದಾರಗಳನ್ನು ಕೆಳಗಿನಿಂದ ಮೇಲಕ್ಕೆ ಕ್ರಮವಾಗಿ ಹಿಡಿಯಿರಿ, ಒಂದು ಬಿಟ್ಟು ಹೋದರೂ ಹಿಂದೆ ಕುಣಿಕೆ ಉಳಿಯುತ್ತದೆ.

ನನಗೆ ಈ ಕುತ್ತಿಗೆ ಸಮಸ್ಯೆ ಓದಿದಾಗಲೆಲ್ಲ ನಮ್ಮ ಕಡೆಯ ಕುಂಚಿಗೆ ನೆನಪಾಗುತ್ತದೆ. ತಲೆ, ಬೆನ್ನು ಎರಡೂ ಮುಚ್ಚುತ್ತದೆ, ತಲೆಯಿಂದ ತೂರಿಸುವ ಕೆಲಸವೇ ಇಲ್ಲ, ಕತ್ತು ನಿಲ್ಲದ ಕೂಸಿಗೂ ಸಲೀಸು. ನಮ್ಮಜ್ಜಿ ಖಣದ ಬಟ್ಟೆಯಲ್ಲಿ ಹೊಲಿಯುತ್ತಿದ್ದರು, ನಾನು ಅದೇ ಆಕಾರವನ್ನು ಉಲ್ಲನ್‌ನಲ್ಲಿ ಹೆಣೆಯುತ್ತೇನೆ. ಗದ್ದದ ಕೆಳಗೆ ಕಟ್ಟುವ ಲಾಡಿ ಬದಲು ಗುಂಡಿ ಇಡುತ್ತೇನೆ, ಮಗು ಮಲಗಿದಾಗ ಕುತ್ತಿಗೆ ಸುತ್ತ ದಾರ ಇರಬಾರದು ಅಂತ.

ಹತ್ತು_ನಂಬರ್_ಕಡ್ಡಿ
(ಬುಧವಾರ, ರಾತ್ರಿ 10:30)

37 ಬಂದದ್ದು ಗೊತ್ತಾಗಿದ್ದು ಒಳ್ಳೆಯದಾಯಿತು. ನಿಮ್ಮ ಅದೃಷ್ಟಕ್ಕೆ ಬಾರ್ಡರನ್ನು ಸುತ್ತಾಗಿ ಹೆಣೆದಿಲ್ಲ, ಒಂದು ಭುಜ ತೆರೆದಿಟ್ಟು ಹೆಣೆದಿದ್ದೀರಿ. ಹಾಗಾಗಿ ಎಡ ಭುಜದ ಹೊಲಿಗೆ ಬಿಚ್ಚಿದರೆ ಬಾರ್ಡರೂ ತಾನಾಗಿ ತೆರೆದುಕೊಳ್ಳುತ್ತದೆ. 18 ಸ್ಟಿಚ್ ಅಂದರೆ ಸುಮಾರು 6.5 ಸೆಂ.ಮೀ., ಸೀಳು ಎರಡೂ ಕಡೆ ತೆರೆಯುವುದರಿಂದ ಸುತ್ತಳತೆಗೆ 12-13 ಸೇರುತ್ತದೆ. 37ಕ್ಕೆ ಅದು ಸೇರಿದರೆ ಒಂದು ವರ್ಷದ ತಲೆಗೂ ಸಾಕು.

ಮೊದಲು ಬಾರ್ಡರನ್ನು ನ್ಯೂಜೆರ್ಸಿಯವರು ಹೇಳಿದ ಹಾಗೆ ಮುಗಿಸಿ. ಆಮೇಲೆ ಎಡ ಭುಜ ಬಿಚ್ಚಿ, ಹೊಲಿದ ದಾರ ಮಾತ್ರ ಕತ್ತರಿಸಿ, ಹೆಣಿಗೆ ದಾರ ಅಲ್ಲ, ಹಗಲು ಬೆಳಕಲ್ಲೇ ಮಾಡಿ. ತೋಳಿನ ಮೇಲ್ಭಾಗವನ್ನೂ ಎರಡು ಬೆರಳಿನಷ್ಟು ಬಿಚ್ಚಬೇಕು.

ಹಿಂಭಾಗದ ಭುಜದ ಅಂಚಿನಲ್ಲಿ 18, ಬಾರ್ಡರಿನ ಬದಿಯಲ್ಲಿ 5, ಒಟ್ಟು 23 ಸ್ಟಿಚ್ ಎತ್ತಿಕೊಂಡು 12 ನಂಬರಿನಲ್ಲಿ ಒಂದು ಸೀದಾ ಒಂದು ಉಲ್ಟಾ 4 ಸಾಲು ಹಾಕಿ ಮುಗಿಸಿ. ಇದು ಒಳಗೆ ಹೋಗುವ ಪಟ್ಟಿ. ಮುಂಭಾಗದಲ್ಲೂ ಹಾಗೇ 23, ಆದರೆ ಎರಡನೇ ಸಾಲಿನಲ್ಲಿ ಮೂರು ಕಡೆ ಕಾಜಾ ಬಿಡಿ: ದಾರ ಒಂದು ಸುತ್ತು ಹಾಕಿ, ಮುಂದಿನ ಎರಡನ್ನು ಒಟ್ಟಿಗೆ ಹೆಣೆಯಿರಿ. ಒಂದು ಕಾಜಾ ಬಾರ್ಡರಿನಲ್ಲೇ ಬರಲಿ, ಉಳಿದೆರಡು ಭುಜದ ಮೇಲೆ. ನಾಲ್ಕಕ್ಕಿಂತ ಜಾಸ್ತಿ ಸಾಲು ಬೇಡ, ಎಡ ಭುಜ ಎತ್ತರ ಆಗಿ ಕಾಣುತ್ತದೆ.

ಮುಂದಿನ ಪಟ್ಟಿ ಮೇಲೆ, ಹಿಂದಿನದು ಕೆಳಗೆ. ತೋಳಿನ ಕಡೆಯ ತುದಿಯಲ್ಲಿ ಎರಡನ್ನೂ ಒಂದರ ಮೇಲೊಂದು ಇಟ್ಟು ಟಾಕಿ, ಅದರ ಮೇಲೆ ತೋಳನ್ನು ವಾಪಸ್ ಹೊಲಿಯಿರಿ. ಗುಂಡಿಗೆ ಉಲ್ಲನ್ ಬೇಡ, ಗಟ್ಟಿ ಹೊಲಿಗೆ ದಾರವನ್ನು ಜೋಡಿ ಮಾಡಿ ಹಾಕಿ. ಹೊಲಿದ ಮೇಲೆ ಒಂದೊಂದನ್ನೂ ಜೋರಾಗಿ ಎಳೆದು ನೋಡಿ. ಮಗುವಿನ ಬಾಯಿಗೆ ಹೋಗಬಾರದ ವಸ್ತು ಅದು.

ಧಾರವಾಡ_ಕುಂಚಿಗೆ
(ಗುರುವಾರ, ಬೆಳಿಗ್ಗೆ 6:15)

ಇನ್ನೊಂದು, ಯಾರೂ ಕೇಳಿಲ್ಲ, ಆದರೆ ಹೇಳದೆ ಇರಲಾರೆ. ಸ್ವೆಟರ್ ಒಳಗೆ ಹೊರಗೆ ಮಾಡಿ ಆನೆಯ ಹಿಂಭಾಗ ನೋಡಿ. ಬಿಳಿ ದಾರ ಉದ್ದುದ್ದ ಹಾಯ್ದಿದೆಯಾ? ಎರಡು ಸೆಂ.ಮೀ.ಗಿಂತ ಉದ್ದ ಇದ್ದರೆ ಸೂಜಿಯಲ್ಲಿ ನಡುವೆ ಒಂದೊಂದು ಕಡೆ ಹಿಡಿದುಬಿಡಿ. ಹಾಕುವಾಗ ಮಗುವಿನ ಬೆರಳು ಅದರಲ್ಲಿ ಸಿಕ್ಕಿಕೊಳ್ಳುತ್ತದೆ.

ಕೈಚೀಲ, ಕಾಲುಚೀಲದಲ್ಲಿ ಇದು ಇನ್ನೂ ಅಪಾಯ. ಒಳಗೆ ಉಳಿದ ಒಂದು ಎಳೆ ಅಥವಾ ಒಂದು ಕೂದಲು ಬೆರಳಿಗೆ ಸುತ್ತಿಕೊಂಡು ರಕ್ತ ಓಡಾಟವನ್ನೇ ತಡೆಯಬಹುದು. ಮಗು ಯಾಕೆ ಅಳುತ್ತಿದೆ ಅಂತಲೂ ಗೊತ್ತಾಗುವುದಿಲ್ಲ, ಚೀಲ ಹಾಕಿರುತ್ತದಲ್ಲ. ಸುಮ್ನೆ ಅಳುತ್ತಿದ್ದರೆ ಚೀಲ ಬಿಚ್ಚಿ ಒಂದೊಂದು ಬೆರಳೂ ನೋಡಿ. ಮೊದಲು ಹೆಣೆದ ಕಾಲುಚೀಲಗಳನ್ನೂ ಇವತ್ತೇ ತಿರುಗಿಸಿ ನೋಡಿ.

ಮೈಸೂರು_ದೊಡ್ಡಮ್ಮ
(ಭಾನುವಾರ, ಮಧ್ಯಾಹ್ನ 3:10)

ಆಯಿತು! ಬಿದ್ದ ಸ್ಟಿಚ್ ಆರು ಸಾಲೂ ಮೇಲೆ ಬಂತು, ಎಲ್ಲಿ ಬಿದ್ದಿತ್ತು ಅಂತ ನನಗೇ ಈಗ ಹುಡುಕಲು ಆಗುತ್ತಿಲ್ಲ. ಭುಜದ ಪಟ್ಟಿ ಎರಡು ಸಲ ಹೆಣೆದೆ. ಮೊದಲ ಸಲ ಕಾಜಾ ಹಿಂದಿನ ಪಟ್ಟಿಯಲ್ಲಿ ಬಿಟ್ಟಿದ್ದೆ. ಗುಂಡಿ ಬಿಚ್ಚಿದರೆ ಕುತ್ತಿಗೆ ಈಗ 49 ಸೆಂ.ಮೀ.

ಆನೆ ಹಿಂದೆ ನಾಲ್ಕು ಕಡೆ ಉದ್ದ ದಾರ ಇತ್ತು, ಎಲ್ಲ ಹಿಡಿದೆ. ಒಂದು ಕಾಲುಚೀಲದ ಹೆಬ್ಬೆರಳ ಹತ್ತಿರ ಒಂದು ಎಳೆ ಬಿಟ್ಟುಕೊಂಡಿತ್ತು. ಅದನ್ನು ನೋಡಿದಾಗ ಎದೆ ಝಲ್ ಅಂತು. ಧಾರವಾಡದ ಅಕ್ಕ, ನಾನು ಕೇಳದೆಯೇ ನೀವು ಹೇಳಿದ್ದಕ್ಕೆ ನಿಮಗೆ ಎಷ್ಟು ಧನ್ಯವಾದ ಹೇಳಿದರೂ ಸಾಲದು.

ಇವತ್ತು ಬೆಳಿಗ್ಗೆ ಹಾಲು ಕುಡಿಸಿದ ಮೇಲೆ ಹಾಕಿ ನೋಡಿದೆವು. ತಲೆ ಸಲೀಸಾಗಿ ಹೋಯಿತು, ಮಗು ಅಳಲಿಲ್ಲ, ಗುಂಡಿ ಹಾಕುವಾಗ ನನ್ನ ಮುಖವನ್ನೇ ನೋಡುತ್ತಿತ್ತು. ಈಗ ತೊಳೆದು, ಟವೆಲ್ ಮೇಲೆ ನೆರಳಲ್ಲಿ ಹಾಸಿದ್ದೇನೆ. ಉಳಿದ ಉಲ್ಲನ್ ಒಂದೂವರೆ ಉಂಡೆ ಇದೆ. ಕುಂಚಿಗೆಗೆ ಅಷ್ಟು ಸಾಕಾಗುತ್ತದಾ?

ಧಾರವಾಡ_ಕುಂಚಿಗೆ
(ಭಾನುವಾರ, ಸಂಜೆ 4:00)

25 ಗ್ರಾಂ ಉಂಡೆಯಾದರೆ ಸಾಲದು, ಇನ್ನೂ ಎರಡು ತನ್ನಿ, ಅದೇ ಲಾಟ್ ನಂಬರ್ ನೋಡಿ ತನ್ನಿ, ಇಲ್ಲದಿದ್ದರೆ ಬಣ್ಣ ಒಂದು ಚೂರು ಬೇರೆ ಬರುತ್ತದೆ. ಅಳತೆ ಬರೆದು ರಾತ್ರಿ ಹಾಕುತ್ತೇನೆ.