ಭುಜದ ಟೆಂಡನ್ ಮೂಳೆಗೆ ಕೂರಿಸುವ ಆಂಕರ್: ಡಿಸೈನ್ ಬಗ್ಗೆ ಸಲಹೆ ಬೇಕು

ಕೊಂಡಜ್ಜಿ_ಹುಡುಗ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ಮೆಕ್ಯಾನಿಕಲ್ ಕೊನೆ ವರ್ಷ ಓದ್ತಿದ್ದೇನೆ. ನಾವು ಮೂವರು ಸೇರಿ ಪ್ರಾಜೆಕ್ಟ್‌ಗೆ ಸೂಚರ್ ಆಂಕರ್ ತಗೊಂಡಿದ್ದೇವೆ. ಭುಜದ ಟೆಂಡನ್ (ಸ್ನಾಯುವನ್ನ ಮೂಳೆಗೆ ಕಟ್ಟಿಡುವ ಹುರಿ) ಹರಿದು ಮೂಳೆಯಿಂದ ಬಿಟ್ಟುಕೊಂಡಾಗ ಡಾಕ್ಟರು ಮೂಳೆಯೊಳಗೆ ಪುಟ್ಟ ಸ್ಕ್ರೂ ಇಳಿಸಿ, ಅದರ ಕಣ್ಣಿಂದ ಬರುವ ದಾರದಲ್ಲಿ ಟೆಂಡನ್ ಹೊಲಿದು ಬಿಗಿಯುತ್ತಾರಲ್ಲ, ಆ ಸ್ಕ್ರೂ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊತ್ತು ಭುಜ ಕಳ್ಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಕೈ ಮೇಲೆತ್ತೋಕೆ ಆಗದೆ ಹಮಾಲಿ ಬಿಟ್ಟಿದ್ದಾರೆ. ಅದಕ್ಕೇ ಈ ವಿಷಯ.

ನಮ್ಮದು 5.5 ಮಿಮೀ ಟೈಟಾನಿಯಂ ಆಂಕರ್. ಥ್ರೆಡ್ ಆಳ, ಪಿಚ್ (ಥ್ರೆಡ್‌ಗಳ ನಡುವಿನ ಅಂತರ) ಬದಲಿಸಿ ಎಷ್ಟು ಎಳೆತ ತಡೆಯುತ್ತೆ ಅಂತ ಕಂಪ್ಯೂಟರ್‌ನಲ್ಲಿ ನೋಡಿದ್ದೇವೆ. ಮುಂದೆ ಮೂಳೆಗೆ ಬದಲಾಗಿ ಬಳಸೋ ಫೋಮ್ ಬ್ಲಾಕ್‌ನಲ್ಲಿ ಎಳೆದು ನೋಡಬೇಕು. ಮೂಳೆಯಿಂದ ಕಿತ್ತು ಬರದಿದ್ದರೆ ಡಿಸೈನ್ ಗೆದ್ದ ಹಾಗೆ ಅಲ್ವಾ?

ಮೂಳೆ_ಡಾಕ್ಟ್ರು

ಅಲ್ಲ. ಇದನ್ನ ಈಗಲೇ ಹೇಳಿಬಿಡೋದು ಒಳ್ಳೆಯದು.

ಟೆಂಡನ್, ದಾರ, ಗಂಟು, ಆಂಕರ್ ಕಣ್ಣು, ಥ್ರೆಡ್, ಮೂಳೆ. ಇಷ್ಟರಲ್ಲಿ ಯಾವುದು ಮೊದಲು ಸೋಲುತ್ತೆ ಅನ್ನೋದೇ ಪ್ರಶ್ನೆ. ರಿಪೇರಿ ಬಿಟ್ಟುಹೋದ ಭುಜಕ್ಕೆ ಮತ್ತೆ ದುರ್ಬೀನು ಹಾಕಿ ನೋಡಿದರೆ ಹೆಚ್ಚಿನ ಸಲ ಆಂಕರ್ ಇದ್ದಲ್ಲೇ ಗಟ್ಟಿಯಾಗಿ ಕೂತಿರುತ್ತೆ, ಗಂಟೂ ಬಿಚ್ಚಿರೋದಿಲ್ಲ, ದಾರ ಮಾತ್ರ ಟೆಂಡನ್ ಸೀಳಿಕೊಂಡು ಆಚೆ ಬಂದು ಖಾಲಿ ಕುಣಿಕೆ ಹಾಗೆ ನಿಂತಿರುತ್ತೆ. ಈಗಿನ ದಾರಗಳಲ್ಲಿ ಅತಿ ಗಟ್ಟಿ ಪಾಲಿಎಥಿಲೀನ್ ಎಳೆ ಇರುತ್ತೆ, ಅದು ಸುಲಭಕ್ಕೆ ತುಂಡಾಗಲ್ಲ. ದಾರ ಸೋಲದಿದ್ದಾಗ ಟೆಂಡನ್ ಸೋಲುತ್ತೆ. ಅಗಲ ಟೇಪ್ ಬಂದಿದ್ದು, ಎರಡು ಸಾಲು ಆಂಕರ್ ಹಾಕಿ ಟೆಂಡನ್ ಮೇಲೆ ದಾರ ಹಾಯಿಸಿ ಒತ್ತಿ ಹಿಡಿಯೋ ಪದ್ಧತಿ ಬಂದಿದ್ದು ಇದಕ್ಕೇ. ಒತ್ತಡ ಹಂಚಿಹೋಗುತ್ತೆ.

ವಯಸ್ಸಾದವರ ಕಥೆ ಬೇರೆ. ಟೆಂಡನ್ ಹರಿದು ವರ್ಷಗಟ್ಟಲೆ ಹಾಗೇ ಬಿಟ್ಟಿದ್ದರೆ ಮೂಳೆಯ ಆ ಜಾಗಕ್ಕೆ ಎಳೆತವೇ ಇರಲ್ಲ, ಒಳಗೆ ಟೊಳ್ಳಾಗುತ್ತೆ. ಅಲ್ಲಿ ಸ್ಕ್ರೂ ಕಿತ್ತು ಬರೋ ಭಯ ನಿಜ. ಆದ್ದರಿಂದ ಫೋಮ್ ಒಂದೇ ಸಾಂದ್ರತೆಯದು ಸಾಲದು. ಪ್ರತಿ ಘನ ಅಡಿಗೆ 20 ಪೌಂಡ್ ಇರೋದು ಒಂದು, ಸವೆದ ಮೂಳೆಗೆ ಬದಲಾಗಿ 10 ಪೌಂಡಿನದು ಇನ್ನೊಂದು ತಗೊಳ್ಳಿ.

ಕೋನಾನೂ ನೋಡಿ. 1995ರಲ್ಲಿ ಬರ್ಕ್‌ಹಾರ್ಟ್ ಅನ್ನೋ ಸರ್ಜನ್, ಬೇಲಿ ತಂತಿಯನ್ನ ಎಳೆದು ಹಿಡಿಯೋ ಗೂಟದ ಹಾಗೆ ಆಂಕರ್ ಕೂಡ ಎಳೆತಕ್ಕೆ ವಿರುದ್ಧವಾಗಿ ಓರೆಯಾಗಿರಬೇಕು, ಸುಮಾರು 45 ಡಿಗ್ರಿ ಅಂದರು. ಆಮೇಲೆ ಥ್ರೆಡ್ ಇರೋ ಆಂಕರ್‌ಗಳನ್ನ ಪರೀಕ್ಷೆ ಮಾಡಿದಾಗ ನೇರವಾಗಿ, 90 ಡಿಗ್ರಿಗೆ ಇಳಿಸಿದ್ದು ಇನ್ನೂ ಚೆನ್ನಾಗಿ ಹಿಡಿದ ಉದಾಹರಣೆ ಇವೆ. ಆಪರೇಷನ್ ಮಾಡೋರ ಕೈ ಒಂದೇ ಕೋನದಲ್ಲಿ ಹೋಗಲ್ಲ. ಎರಡೂ ಎಳೆದು ನೋಡಿ.

ಒಂದೇ ಸಲ ಜೋರಾಗಿ ಎಳೆದು ನಿಲ್ಲಿಸಬೇಡಿ. ರೋಗಿ ನಿದ್ದೆಯಲ್ಲಿ ಹೊರಳುತ್ತಾನೆ, ಅಂಗಿ ಹಾಕ್ಕೋತಾನೆ, ಸಣ್ಣ ಎಳೆತ ಸಾವಿರ ಸಲ. ಟೆಂಡನ್ ಮೂಳೆಗೆ ಅಂಟಿಕೊಳ್ಳೋಕೆ 8ರಿಂದ 12 ವಾರ ಬೇಕು. ಆಂಕರ್ ಕೆಲಸ ಅಲ್ಲಿವರೆಗೆ ಟೆಂಡನ್ ಮೂಳೆ ನಡುವೆ ಅಂತರ ಬಿಡದ ಹಾಗೆ ಹಿಡಿದಿಡೋದು, ಅಷ್ಟೇ. ನ್ಯೂಟನ್ ಲೆಕ್ಕದ ಜೊತೆಗೆ ಎಷ್ಟು ಮಿಲಿಮೀಟರ್ ಅಂತರ ಬಿಟ್ಟಿತು ಅಂತ ಅಳೆಯಿರಿ. 5 ಮಿಮೀ ಬಿಟ್ಟರೆ ಸೋತಂತೆ ಅಂತ ಎಷ್ಟೋ ಪರೀಕ್ಷೆಗಳಲ್ಲಿ ಲೆಕ್ಕ ಹಾಕ್ತಾರೆ.

ಹರಿಹರ_ಟರ್ನರ್

ಡಾಕ್ಟ್ರು ಹೇಳಿದ್ದು ಸರಿ. ನಾನು ಲೇತ್ ಕಡೆಯಿಂದ ಹೇಳ್ತೀನಿ ತಮ್ಮಾ. ಮೈಸೂರು ಕಿರ್ಲೋಸ್ಕರ್ ಲೇತ್ ಮಾಡ್ತಿದ್ದ ಊರಿನವನು ನಾನು.

ನೀವು ಥ್ರೆಡ್ ಮೇಲೇ ಕಣ್ಣಿಟ್ಟಿದ್ದೀರಿ, ದಾರ ಹೋಗೋ ಕಣ್ಣಿನ ಬಗ್ಗೆ ಒಂದು ಮಾತೂ ಬರೆದಿಲ್ಲ. ಲೋಹದ ಆಂಕರ್‌ನಲ್ಲಿ ತೂತಿನ ಅಂಚಿಗೆ ಸಣ್ಣ ಬರ್ (ಕೊರೆದಾಗ ಉಳಿಯೋ ಲೋಹದ ಚೂಪು ಮುಳ್ಳು) ಉಳಿದಿದ್ದರೂ ದಾರ ಉಜ್ಜಿ ಉಜ್ಜಿ ಹರಿಯುತ್ತೆ. ಅಂಚಿಗೆ ರೇಡಿಯಸ್ ಕೊಡಿ, ಒಳಗೂ ಪಾಲಿಶ್ ಮಾಡಿಸಿ, ಲೆನ್ಸ್ ಹಿಡಿದು ನೋಡಿ. ಉಗುರಿನ ಮೇಲೆ ದಾರ ಎಳೆದಾಗ ನಯವಾಗಿ ಜಾರುತ್ತಲ್ಲ, ತೂತಿನಲ್ಲೂ ಹಾಗೇ ಜಾರಬೇಕು. ಗಂಟು ಹಾಕೋವಾಗ ಡಾಕ್ಟ್ರು ದಾರಾನ ಆ ಕಡೆ ಈ ಕಡೆ ಎಳೀತಾರೆ, ನೆನಪಿರಲಿ.

ಥ್ರೆಡ್ ಆಳ ಮಾಡಿದರೆ ನಡುವಿನ ಕೋರ್ ತೆಳುವಾಗುತ್ತೆ. ಅದರೊಳಗೆ ಡ್ರೈವರ್ ಕೂರೋ ಗುಂಡಿ, ದಾರ ಹೋಗೋ ದಾರಿ ಎರಡೂ ಬೇಕು. ಗಟ್ಟಿ ಮೂಳೆಗೆ ತಿರುಗಿಸುವಾಗ ಅಲ್ಲೇ ಮುರಿದರೆ ಅರ್ಧ ಸ್ಕ್ರೂ ಮೂಳೆಯೊಳಗೆ ಉಳಿಯುತ್ತೆ. ಎಳೆತದ ಜೊತೆ ತಿರುಚುವ ಟಾರ್ಕ್ ಪರೀಕ್ಷೆನೂ ಇರಲಿ. ಟೈಟಾನಿಯಂ ಬಿಸಿಯನ್ನ ಬೇಗ ಬಿಟ್ಟುಕೊಡಲ್ಲ, ಟೂಲಿನ ಅಂಚು ಕೆಡುತ್ತೆ, ಕೂಲೆಂಟ್ ಧಾರಾಳ ಬಿಡಿ.

ಚಿತ್ರದುರ್ಗ_ಬಯೋಮೆಡ್

ಮೆಟೀರಿಯಲ್ ಯಾಕೆ ಟೈಟಾನಿಯಂ ಅಂತ ವರದಿಯಲ್ಲಿ ಬರೆಯಿರಿ, ವೈವಾದಲ್ಲಿ ಕೇಳೇ ಕೇಳ್ತಾರೆ. ಲೋಹ ಎಂಆರ್‌ಐಯಲ್ಲಿ ಚಿತ್ರ ಕೆಡಿಸುತ್ತೆ, ಸಡಿಲಾಗಿ ಹೊರಗೆ ಬಂದರೆ ಕೀಲಿನ ಮೃದ್ವಸ್ಥಿ ಗೀರುತ್ತೆ. ದೇಹದಲ್ಲೇ ಕರಗುವ ಪಿಎಲ್‌ಎಲ್‌ಎ ಅನ್ನೋ ಪಾಲಿಮರ್ ಬಂದಾಗ ಎಲ್ಲರಿಗೂ ಆಸೆ ಹುಟ್ಟಿತ್ತು, ಆದರೆ ಕರಗೋಕೆ ವರ್ಷಗಳು ಹಿಡಿದು, ಕೆಲವರಲ್ಲಿ ಸುತ್ತಲಿನ ಮೂಳೆ ಸವೆದು ಗುಳಿ ಬಿತ್ತು. ಪೀಕ್ ಅನ್ನೋ ಕರಗದ ಗಟ್ಟಿ ಪ್ಲಾಸ್ಟಿಕ್ ಎಂಆರ್‌ಐಗೆ ಅಡ್ಡಿ ಮಾಡಲ್ಲ, ಆದರೆ ಮೂಳೆ ಅದಕ್ಕೆ ಅಂಟಲ್ಲ. ಪಾಲಿಮರ್ ಜೊತೆ ಬೀಟಾ ಟಿಸಿಪಿ (ಒಂದು ಬಗೆಯ ಕ್ಯಾಲ್ಸಿಯಂ ಫಾಸ್ಫೇಟ್) ಬೆರೆಸಿದ್ದೂ ಇದೆ, ಬರೀ ದಾರದಿಂದಲೇ ಮಾಡಿದ ಆಂಕರ್‌ಗೆ ಇನ್ನೂ ಸಣ್ಣ ತೂತು ಸಾಕು.

ಮುಂದೆ ನಿಜವಾಗಿ ತಯಾರಿಸೋ ಆಸೆ ಇದ್ದರೆ 2017ರ ವೈದ್ಯಕೀಯ ಸಾಧನಗಳ ನಿಯಮ ಈಗಲೇ ಓದಿ. ಅಪಾಯದ ಮಟ್ಟ ನೋಡಿ ಎ, ಬಿ, ಸಿ, ಡಿ ಅಂತ ವರ್ಗ ಇದೆ. ಸಿ ಮತ್ತು ಡಿ ವರ್ಗಕ್ಕೆ ಲೈಸೆನ್ಸ್ ಕೇಂದ್ರದಿಂದ ಬರಬೇಕು.

ಕೊಂಡಜ್ಜಿ_ಹುಡುಗ

ಎಲ್ಲರಿಗೂ ತುಂಬಾ ಧನ್ಯವಾದ. ಕಣ್ಣಿನ ಡಿಸೈನ್ ಮೊದಲಿಂದ ಮಾಡ್ತೇವೆ. ಡಾಕ್ಟ್ರೇ, ಫೋಮ್‌ನಲ್ಲಿ ಟೆಂಡನ್ ಇರಲ್ಲ, ಹಾಗಾದರೆ ಸೀಳೋದನ್ನ ಹೇಗೆ ನೋಡೋದು?

ಮೂಳೆ_ಡಾಕ್ಟ್ರು

ಕುರಿ ಭುಜ. ಭುಜದ ಟೆಂಡನ್ ಸಂಶೋಧನೆಯಲ್ಲಿ ಕುರಿಯ ಇನ್‌ಫ್ರಾಸ್ಪೈನೇಟಸ್ (ಭುಜದ ಹಲಗೆ ಮೇಲಿನ ಒಂದು ಸ್ನಾಯು) ಟೆಂಡನ್ ತುಂಬಾ ಬಳಸ್ತಾರೆ. ಮಟನ್ ಅಂಗಡಿಯಲ್ಲಿ ಹಿಂದಿನ ದಿನವೇ ಹೇಳಿಟ್ಟು, ಮೂಳೆಯಿಂದ ಟೆಂಡನ್ ಬಿಡಿಸದ ಹಾಗೆ ಇಡೀ ಮುಂಗಾಲು ಕೇಳಿ ತನ್ನಿ. ಪರೀಕ್ಷೆ ಮುಗಿಯೋವರೆಗೂ ಸಲೈನ್ ಬಟ್ಟೆ ಸುತ್ತಿಡಿ, ಒಣಗಿದರೆ ಲೆಕ್ಕ ತಪ್ಪುತ್ತೆ. ಮೆಷಿನ್ನಿನ ಹಿಡಿಯಲ್ಲಿ ಟೆಂಡನ್ ಜಾರುತ್ತೆ, ಅದಕ್ಕೆ ಹಿಡಿಯೋ ತುದಿಯನ್ನಷ್ಟೇ ಡ್ರೈ ಐಸ್‌ನಿಂದ ಹೆಪ್ಪುಗಟ್ಟಿಸಿ ಕಚ್ಚಿಸಬೇಕು.