ಸಹಾಯ ಬೇಕು: ತಂಗಿಗೆ 36ನೇ ವಾರ, ರಕ್ತ ಬಿ ನೆಗೆಟಿವ್. ಇಂಡಿ, ವಿಜಯಪುರ ಕಡೆಯವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ತಂಗಿಗೆ ಇದು ಚೊಚ್ಚಲ. ಕುಬಸ ಮುಗಿಸಿ ತವರಿಗೆ ಕರೆತಂದಿದ್ದೇವೆ. ನಮ್ಮದು ಇಂಡಿ ತಾಲೂಕಿನ ಹಳ್ಳಿ, ಹೆರಿಗೆ ವಿಜಯಪುರದಲ್ಲಿ.

28ನೇ ವಾರದಲ್ಲಿ ಆಂಟಿ-ಡಿ ಇಂಜೆಕ್ಷನ್ (ಮಗುವಿನ ಪಾಸಿಟಿವ್ ರಕ್ತದ ವಿರುದ್ಧ ತಾಯಿಯ ಮೈ ತಿರುಗಿ ಬೀಳದಂತೆ ನೆಗೆಟಿವ್ ತಾಯಂದಿರಿಗೆ ಕೊಡುವುದು) ಆಗಿದೆ. ಮಗುವಿನ ರಕ್ತ ಪಾಸಿಟಿವ್ ಇದ್ದರೆ ಹೆರಿಗೆಯಾಗಿ 72 ಗಂಟೆಯೊಳಗೆ ಇನ್ನೊಂದು ಕೊಡಬೇಕು. ಅದರ ಚಿಂತೆ ಇಲ್ಲ. ಚಿಂತೆ ಇರುವುದು ರಕ್ತದ್ದು. ಬಿ ನೆಗೆಟಿವ್ ಅಥವಾ ಓ ನೆಗೆಟಿವ್ ಇರುವವರು, ತುರ್ತಿಗೆ ವಿಜಯಪುರಕ್ಕೆ ಬರಬಲ್ಲವರು ನನಗೆ ಮೆಸೇಜ್ ಮಾಡಿ. ಆ ಹೊತ್ತಿಗೆ ಹುಡುಕಾಡೋಕಾಗಲ್ಲ ಅಲ್ವಾ?

ಮೊನ್ನೆ ರಾತ್ರಿ ಎರಡಕ್ಕೆ ಅವಳ ಹೊಟ್ಟೆ ಕಲ್ಲಿನ ಹಾಗೆ ಬಿಗಿಯಾಯಿತು. ಗೋಡೆ ಹಿಡಿದು ನಿಂತಳು. ನಾನು ಗಡಿಯಾರ ನೋಡುತ್ತಾ ಕೂತೆ. ಒಮ್ಮೆ 20 ನಿಮಿಷಕ್ಕೆ ಬಂತು, ಆಮೇಲೆ 45ಕ್ಕೆ. ನೀರು ಕುಡಿಸಿ ಎಡ ಮಗ್ಗುಲಿಗೆ ಮಲಗಿಸಿದ ಮೇಲೆ ನಿಂತಿತು. ಬೆಳಿಗ್ಗೆ ಡಾಕ್ಟರ್ ಪರೀಕ್ಷೆ ಮಾಡಿ ಸುಳ್ಳು ನೋವು ಅಂದರು. ನಿಜವಾದ ನೋವು ಹತ್ತಿರ ಹತ್ತಿರ ಬರುತ್ತಾ ಜಾಸ್ತಿಯಾಗುತ್ತದಂತೆ. ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಆಟ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ ನೋವಿಗೆ ಕಾಯದೆ ಬನ್ನಿ ಅಂದಿದ್ದಾರೆ. ಸಂಜೆ ಪಾದ ಬಾತು ಕಾಲುಂಗುರ ಬಿಗಿಯಾಗುತ್ತದೆ, ಆದರೆ ಬಿಪಿ ಸರಿ ಇದೆ.

ಇನ್ನೊಂದು ಪ್ರಶ್ನೆ. ನಡುರಾತ್ರಿ ಹಳ್ಳಿಗೆ 108 ಬರಲು ನಿಮಗೆ ಎಷ್ಟು ಹೊತ್ತಾಯಿತು? ಬೇರೆ ಗಾಡಿಯನ್ನೂ ಹೇಳಿಡಬೇಕಾ? ಚೀಲದಲ್ಲಿ ತಾಯಿ ಕಾರ್ಡ್, ಸ್ಕ್ಯಾನಿಂಗ್ ರಿಪೋರ್ಟ್, ಆಧಾರ್, ಅವ್ವನ ಹಳೇ ಇಳಕಲ್ ಸೀರೆ ಹರಿದು ಒಗೆದ ಮೆತ್ತನೆ ಬಟ್ಟೆ ಇಟ್ಟಿದ್ದೇವೆ. ಏನು ಬಿಟ್ಟಿದ್ದೇವೆ, ಹೆತ್ತವರು ಹೇಳಿ.